ಸ್ಲೈಡಿನ ನಡುವಿನ ತೂತು

ಎರಡರಾಗ ಯಾವ್ದು ಚಲೋ ಐತಿ ಅಂತ ನೀವ ನೋಡಿ ಹೇಳ್ರಿ ಸಾರ್, ನಿಮ್ಮ ಕಣ್ಣಿನ ಮುಂದ ನಮ್ದೇನೈತಿ, ಎಂದ ಫೋಟೋ ಸ್ಟುಡಿಯೋದ ಚಂದ್ರಮೋಹನ್, ಅಂದವನೇ ಬಗ್ಗಿ ಮೇಜಿನ ಅಡಿಯಿಂದ ಇನ್ನೊಂದು ಪ್ರೊಜೆಕ್ಟರಿನ ಪೆಟ್ಟಿಗೆಯನ್ನೂ ಎಳೆದ, ಧೂಳೆದ್ದಿತು, ಬಾಗಿಲ ಸಂದಿಯ ಬಿಸಿಲಿನಲ್ಲಿ ಆ ಧೂಳು ಮಿನುಗಿದ್ದು ಕೃಷ್ಣಮೂರ್ತಿಗೆ ಚೆನ್ನಾಗಿ ಕಂಡಿತು, ಕಂಡದ್ದು ಯಾಕೆಂದರೆ ಅವನು ನೋಡುತ್ತಿದ್ದುದು ಧೂಳನ್ನಲ್ಲ, ಚಂದ್ರಮೋಹನನ ಮುಖವನ್ನು, ಆ ಮುಖ ಇರಬೇಕಾದ ಜಾಗದಲ್ಲಿ ಮಾತ್ರ ಬೂದು ಬಣ್ಣದ್ದೊಂದು ತೇಪೆ, ತೇಪೆಯ ಆಚೀಚೆ ಎರಡು ಕಿವಿ, ಮೇಲೆ ಒಂದಷ್ಟು ಕೂದಲು, ಕೆಳಗೆ ಅಂಗಿಯ ಗುಂಡಿ, ನಡುವೆ ಮನುಷ್ಯನೇ ಇಲ್ಲ — ನೇರ ನೋಡಿದ್ದೆಲ್ಲ ಹೋಗುತ್ತದೆ, ನೋಡದೆ ಬಿಟ್ಟದ್ದೆಲ್ಲ ಉಳಿಯುತ್ತದೆ, ಇದೆಂಥ ಕಣ್ಣು, ಎದುರು ಕೂತವರನ್ನು ಬಿಟ್ಟು ಪಂಕ್ತಿಯ ಕೊನೆಯಲ್ಲಿ ಕೂತವರಿಗೇ ಬಡಿಸುತ್ತ ಹೋಗುವ ಅಡುಗೆಯವನ ಹಾಗೆ. ತೆಗಿ ತೆಗಿ, ನೋಡೋಣ, ಎಂದ ಕೃಷ್ಣಮೂರ್ತಿ, ಗಂಟಲು ಗಟ್ಟಿಯಾಗಿಯೇ ಇತ್ತು, ಗಂಟಲಿಗೇನು, ಗಂಟಲು ಕೃಷಿ ಇಲಾಖೆಯದು, ಚಿಪ್ಪಗಿರಿಯಿಂದ ಹೊಳಗುಂದದವರೆಗೆ ಮೈಕಿಲ್ಲದೆ ಮಾತಾಡಿದ್ದು. ಬದಿಯಲ್ಲಿ ಸ್ಟೂಲಿನ ಮೇಲೆ ಹೆಂಡತಿ ಮಥುರಾಬಾಯಿ ಕೂತಿದ್ದಾಳೆ, ತೊಡೆಯ ಮೇಲೆ ಅವಲಕ್ಕಿ ಡಬ್ಬಿ, ಡಬ್ಬಿಯ ತುಂಬ ಹಳೆಯ ಫೋಟೋ ಸ್ಲೈಡುಗಳು, ಹುಳ ಹಿಡಿಯಬಾರದೆಂದು ಇಟ್ಟ ಕರ್ಪೂರದ ವಾಸನೆ ಇಲ್ಲಿಯವರೆಗೂ ಬರುತ್ತಿದೆ, ಅವಳ ಬಳೆ ಕಾಣುತ್ತವೆ, ಡಬ್ಬಿಯ ಮುಚ್ಚಳ ಕಾಣುತ್ತದೆ, ತಿರುಗಿ ನೋಡಿದರೆ ಅವಳೂ ಹೋಗುತ್ತಾಳೆ, ಆದ್ದರಿಂದ ತಿರುಗಬಾರದು. ಇವತ್ತೊಂದು ದಿನ ದಾಟಿದರೆ ಸಾಕು, ಎರಡರಲ್ಲೊಂದನ್ನು ಆರಿಸಿ, ಅದು ಹೀಗಿದೆ ಇದು ಹೀಗಿದೆ ಎಂದು ನಾಲ್ಕು ಮಾತಾಡಿ, ಯಾರಿಗೂ ಏನೂ ಗೊತ್ತಾಗದಂತೆ ಮನೆ ಸೇರಿದರೆ ಸಾಕು, ಗೊತ್ತಾದರೆ ಮೊದಲು ಹೋಗುವುದು ಸ್ಕೂಟರು, ಸ್ಕೂಟರು ಹೋದರೆ ತರಕಾರಿ ಮಾರ್ಕೆಟ್ಟು ಹೋಯಿತು, ಏಕಾದಶಿಯ ಮಠ ಹೋಯಿತು, ಆಮೇಲೆ ಉಳಿಯುವುದು ಪಡಸಾಲೆಯ ಕುರ್ಚಿ, ಕುರ್ಚಿಗೆ ಎದುರು ಗೋಡೆ, ಗೋಡೆಯ ನಡುವೆ ಈ ತೇಪೆ.

ಬೆಳಿಗ್ಗೆ ಸ್ಕೂಟರಿನಲ್ಲಿ ಬಂದು ಮುಟ್ಟಿದ್ದೇ ಒಂದು ಪವಾಡ, ಹಿಂದೆ ಮಥುರಾ, ಅವಳ ಮಡಿಲಲ್ಲಿ ಡಬ್ಬಿ, ಮಾರ್ಕೆಟ್ ಯಾರ್ಡಿನ ಹತ್ತಿರ ಹತ್ತಿ ತುಂಬಿದ ಲಾರಿಯೊಂದು ಎದುರಾಯಿತು, ಲಾರಿಯ ಎಡಬದಿ ಕಂಡಿತು, ಬಲಬದಿ ಕಂಡಿತು, ಹಗ್ಗದಿಂದ ಹೊರಗೆ ಉಬ್ಬಿದ ಬಿಳಿ ಹತ್ತಿ ಕಂಡಿತು, ನಡುವೆ ಲಾರಿ ಇರಲಿಲ್ಲ, ಬರೀ ಹೊಗೆ, ಹೊಗೆಯೊಳಗೆ ನುಗ್ಗಿ ಆಚೆ ದಾಟಬಹುದು ಅನ್ನಿಸುವಂಥ ಹೊಗೆ, ಕಾಲು ತಾನಾಗಿ ಬ್ರೇಕು ತುಳಿದದ್ದು ನಲವತ್ತು ವರ್ಷದ ರೂಢಿಯಿಂದಷ್ಟೇ, ಮಥುರಾ ಭುಜ ಹಿಡಿದುಕೊಂಡು ಈಗೀಗ ಭಾಳ ಸಾವಕಾಶ ಹೊಡೀತೀರಿ, ಛಲೋ ಆತು, ಹೊತ್ತೇನು ಮುಳುಗಿಹೋಗಂಗಿಲ್ಲ ಅಂದಳು, ಛಲೋ ಆತಂತೆ, ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಈ ಪ್ರೊಜೆಕ್ಟರಿನ ಹುಚ್ಚು ಹಿಡಿಸಿಕೊಂಡದ್ದೂ ಅವಳೇ, ಅಟ್ಟದಿಂದ ಡಬ್ಬಿ ಇಳಿಸಿ, ಒರೆಸಿ, ಒಂದೊಂದನ್ನೂ ಕಿಟಕಿಗೆ ಹಿಡಿದು, ಇದು ವಿಷ್ಣುಪ್ರಿಯಾನ ಹೆಸರಿಟ್ಟ ದಿವಸದ್ದು ನೋಡ್ರಿ, ಇದು ಹೊಳಗುಂದದ ಜೋಳದ ಹೊಲ ನೋಡ್ರಿ, ಅವನು ಹೂಂ ಹೂಂ ಅನ್ನುತ್ತ ಪಂಚಾಂಗ ತಿರುವಿದ, ಪಂಚಾಂಗವೂ ಕಾಣುತ್ತಿರಲಿಲ್ಲ. ತಮ್ಮನ ಮಗ ಸುಜಯೀಂದ್ರ ಬಂದಾಗ ದೊಡ್ಡಮ್ಮ, ಇವನ್ನೆಲ್ಲಾ ಫೋನಿನಾಗ ಹಾಕಿಕೊಡ್ತೀನಿ ಬಿಡು, ಈ ಕಾಲದಾಗ ಪ್ರೊಜೆಕ್ಟರ್ ಎಲ್ಲಿ ಸಿಗ್ತದ ಅಂದ, ಬ್ಯಾಡಪ್ಪ, ಫೋನಿನಾಗ ಒಬ್ಬೊಬ್ರ ನೋಡೋದು, ಗ್ವಾಡಿ ಮ್ಯಾಲಾದ್ರ ಇಬ್ಬರೂ ಒಂದ ಕಡೆ ನೋಡ್ತೀವಿ, ಅಂದಳು ಮಥುರಾ. ಒಂದ ಕಡೆ ನೋಡ್ತೀವಿ. ಆ ಮಾತನ್ನು ಅವಳು ಸುಜಯೀಂದ್ರನಿಗೆ ಹೇಳಿದರೂ ಅದು ಬಂದು ನಾಟಿದ್ದು ಎಲ್ಲಿ ಅಂತ ಅವಳಿಗೂ ಗೊತ್ತು, ಯುಗಾದಿಯಿಂದ ಒಂದೇ ಸಮ ಹೇಳುತ್ತಿದ್ದಾಳಲ್ಲ, ಮಾರಿ ನೋಡಿ ಮಾತಾಡಿದ್ರ ನಿಮ್ಮ ಗಂಟೇನು ಹೋಗ್ತದ, ನಾ ಮಾತಾಡ್ತೀನಿ, ನೀವು ಹೊಚ್ಚಲ ನೋಡ್ತೀರಿ, ಹೊಚ್ಚಲಕ್ಕ ಏನು ಹೊಸಾ ರಂಗೋಲಿ ಹಾಕೇನೇನು. ಹೊಸ್ತಿಲನ್ನು ನೋಡಿದರೆ ತಾನೇ ಮಥುರಾ ನೀನು ಕಾಣುವುದು, ಹೊಸ್ತಿಲಿನ ಕಡೆ ಕಣ್ಣಿಟ್ಟರೆ ನಿನ್ನ ಮೂಗುಬಟ್ಟು, ಕುಂಕುಮ, ಕೆನ್ನೆಯ ಮೇಲೆ ಹಚ್ಚಿದ ಅರಿಸಿನ, ಎಲ್ಲ ಮೆಲ್ಲಗೆ ಅಂಚಿನಿಂದ ಬಂದು ನಿಲ್ಲುತ್ತವೆ, ನಿನ್ನನ್ನೇ ನೋಡಿದರೆ ನೀನಿಲ್ಲ, ಇದನ್ನು ಹೇಗೆ ಹೇಳುವುದು, ಹೇಳಿದರೆ ಹೋಗುವುದು ಸ್ಕೂಟರು, ಹೇಳದಿದ್ದರೆ ನೀನು.

ಟಕ್ ಎಂದಿತು ಸ್ವಿಚ್ಚು, ಫ್ಯಾನು ಗುರ್ರೆಂದಿತು, ಮೊದಲನೇ ಯಂತ್ರ, ಗುಂಡು ತಟ್ಟೆಯದು, ಮೇಲೆ ತಟ್ಟೆಯಲ್ಲಿ ಸುತ್ತಲೂ ಸ್ಲೈಡು ನಿಲ್ಲಿಸಿ ಗುಂಡಿ ಒತ್ತಿದರೆ ಒಂದೊಂದೇ ಬೀಳುತ್ತವೆ, ನಮ್ಮಪ್ಪ ಇದನ್ನ ಹೈದ್ರಾಬಾದ್‌ನಿಂದ ತಂದಿದ್ದ ಸಾರ್, ಮದಿವಿಯೊಳಗ ಹಾಕಾಕ, ಒಂದ ಮದಿವ್ಯಾಗ ಹಾಕಿದ, ಆ ಮದಿವಿನೂ ಉಳೀಲಿಲ್ಲ, ಯಂತ್ರ ಉಳೀತು, ಎಂದು ಚಂದ್ರಮೋಹನ್ ತಾನೇ ನಕ್ಕ, ಈ ಸ್ಟುಡಿಯೋ ಅವನಪ್ಪನದು, ಈಗ ಇಲ್ಲಿ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸು, ಫ್ಲೆಕ್ಸು, ಹಿಂದಿನ ಈ ಕತ್ತಲೆ ಕೋಣೆಯಲ್ಲಿ ಮಾತ್ರ ಹಳೆಯ ಸಾಮಾನು. ಅಮ್ಮಾ ಒಂದು ಕೊಡ್ರಿ, ಅಂದ, ಬಳೆ ಸದ್ದಾಯಿತು, ಸ್ಲೈಡು ಬಿತ್ತು, ಗೋಡೆಗೆ ಬಡಿದ ಬಿಳಿ ಪಂಚೆಯ ಮೇಲೆ ಹಸಿರು ಬೆಳಗಿತು, ಹಸಿರಿನ ನಾಲ್ಕೂ ಅಂಚು ಕಂಡವು, ನಡುವೆ ಬೂದು. ಇದು ಹತ್ತಿ ಕಾಯಿದು ಅಲ್ಲೇನ್ರೀ, ಹುಳ ಬಿದ್ದದ್ದು, ಅಂದಳು ಮಥುರಾ, ಪುಣ್ಯಾತ್ಗಿತ್ತಿ, ಹೇಳಿಬಿಟ್ಟಳು. ಹಾಂ ಅದ, ಕಾಯಿಕೊರಕ, ಚಿಪ್ಪಗಿರಿ ಉಚ್ಚೀರಪ್ಪನ ಹೊಲದ್ದು, ಅಂದ ಕೃಷ್ಣಮೂರ್ತಿ, ಅಲ್ಲಿ ತೆಗೆದ ಎರಡರಲ್ಲಿ ಸುಡದೆ ಉಳಿದದ್ದು. ಉಚ್ಚೀರಪ್ಪ. ಚಿಪ್ಪಗಿರಿಯ ಗುಡಿಯ ಮುಂದೆ ಅಂದೊಂದು ಸಂಜೆ, ಇಲಾಖೆಯ ಜೀಪು, ಜನರೇಟರು, ಡ್ರೈವರ್ ಭೀಮಲಿಂಗಪ್ಪ ಹಗ್ಗಕ್ಕೆ ಕಟ್ಟಿದ ಪಂಚೆ, ಪಂಚೆಯ ಈಚೆ ಗಂಡಸರು ಆಚೆ ಹೆಂಗಸರು, ಆಚೆ ಕೂತವರಿಗೆ ಎಲ್ಲವೂ ಎಡಬಲ ಆಗಿ ಕಾಣುತ್ತಿತ್ತು, ಯಾರೂ ದೂರಲಿಲ್ಲ, ಹೊಲದ ಹುಳಕ್ಕೆ ಎಡಗೈ ಬಲಗೈ ಏನಿದೆ. ರೈತ ಬಾಂಧವರೇ, ಈ ಕಾಯಿಯನ್ನು ಗಮನಿಸಿ, ಅನ್ನುತ್ತಿದ್ದಂತೆ ಉಚ್ಚೀರಪ್ಪ ಎದ್ದು ನಿಂತ, ಆ ಬದುವಿನ ಜಾಲಿಮರ ನಂದು, ಆ ಹೊಲ ನಂದು, ಸಾರ್, ನಮ್ಮ ಮನಿ ಮಾನ ತಂದು ಪಂಚಿ ಮ್ಯಾಲೆ ಹಾಕೀರಲ್ಲ, ನಮ್ಮ ಹೊಲಕ್ಕ ಅಷ್ಟ ಬಿದ್ದಾವೇನು ಹುಳ, ಇವನ ಹೊಲದಾಗ ಇಲ್ಲೇನು, ಎಂದು ಪಕ್ಕದವನ ಹೆಗಲು ಹಿಡಿದೆತ್ತಿದ, ಬೆಳಕಿಗೆ ಅಡ್ಡ ನಿಂತದ್ದರಿಂದ ಹುಳ ಅವನ ಬಿಳಿ ಅಂಗಿಯ ಮೇಲೆ ಹರಿದಾಡಿತು, ಆಚೆಯಿಂದ ಅವನ ಹೆಂಡತಿ ಪಕೀರಮ್ಮ ಮೊದಲ ಮೈ ಜಾಡಿಸ್ಕ್ಯಾ, ಆಮ್ಯಾಲೆ ಜಗಳಾಡುವಂತಿ ಅಂದಳು, ಊರೇ ನಕ್ಕಿತು, ಆ ಗದ್ದಲದಲ್ಲಿ ಫ್ಯಾನು ನಿಂತದ್ದು ಯಾರಿಗೂ ಕೇಳಲಿಲ್ಲ, ಲ್ಯಾಂಪು ಮಾತ್ರ ಉರಿಯುತ್ತಿತ್ತು, ಸ್ಲೈಡು ನಡುವಿನಿಂದ ಸುಡಲು ಶುರುವಾಯಿತು, ಮೊದಲು ಒಂದು ಕಂದು ಚುಕ್ಕೆ, ಆಮೇಲೆ ಗುಳ್ಳೆ, ಗುಳ್ಳೆ ಒಡೆದು ತೂತು, ತೂತು ಮೆಲ್ಲಗೆ ಅಗಲವಾಗುತ್ತ ಕಾಯಿಯನ್ನು ತಿಂದಿತು, ಹುಳವನ್ನು ತಿಂದಿತು, ಎಲೆಯ ಅಂಚು ಮಾತ್ರ ಹಸಿರಾಗಿ ಉಳಿಯಿತು. ಉಚ್ಚೀರಪ್ಪ ತಿರುಗಿ ನೋಡಿ, ಹುಳಕ್ಕ ಔಷಧ ಇದ ಏನ್ರಿ ಸಾರ್, ಕಾಯಿನೂ ಹೋತಲ್ರಿ, ಅಂದ. ಆಗ ಎಷ್ಟು ನಕ್ಕಿದ್ದೆವು, ಭೀಮಲಿಂಗಪ್ಪನಂತೂ ನಮ್ಮ ಆದೋನಿ ಮುಟ್ಟುವವರೆಗೆ ಸ್ಟೇರಿಂಗು ಬಡಿದು ಬಡಿದು ನಕ್ಕ. ಮೊದಲು ಒಂದು ಚುಕ್ಕೆ, ಆಮೇಲೆ ಗುಳ್ಳೆ, ಆಮೇಲೆ ತೂತು, ಅಂಚು ಮಾತ್ರ ಹಸಿರು, ಹಾಗೆಯೇ, ಥೇಟು ಹಾಗೆಯೇ, ಬಳ್ಳಾರಿಯ ಕಣ್ಣಿನ ಡಾಕ್ಟರು ಬಾಯಿಬಿಡುವ ಮೊದಲೇ ತನಗೆ ಆ ಸ್ಲೈಡು ನೆನಪಾಗಿತ್ತು.

ಬಳ್ಳಾರಿಗೆ ಹೋದದ್ದು ಮಂತ್ರಾಲಯಕ್ಕೆ ಹೋಗುತ್ತೇನೆ ಅಂತ ಹೇಳಿ, ರಾಯರ ಹೆಸರಿನಲ್ಲಿ ಸುಳ್ಳು, ಈ ಬಾಯಲ್ಲಿ, ದಿನಾ ಅಷ್ಟೋತ್ತರ ಹೇಳುವ ಬಾಯಲ್ಲಿ. ನಾನೂ ಬರ್ತೀನಿ ಅಂದಳು, ಬ್ಯಾಡ, ಗುರುವಾರ ಭಾಳ ಗದ್ದಲ ಇರ್ತದ ಅಂದ, ಬಸ್ಸಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕೂತ, ಡಾಕ್ಟರು ಚಿಕ್ಕ ಹುಡುಗಿ, ತನ್ನ ಮಗಳು ವಿಷ್ಣುಪ್ರಿಯಾಳಿಗಿಂತ ಚಿಕ್ಕವಳು, ಬಲಗಣ್ಣು ಮುಗಿದದ ತಾತಾ, ಎಡಗಣ್ಣು ಇದ್ದಷ್ಟು ಉಳಿಸಿಕೊಳ್ಳೋಣ, ಸೂಜಿ ಹಾಕೋಣ, ನಡುವಿನದು ತಿರುಗಿ ಬರೋದಿಲ್ಲ, ಸುತ್ತಲಿಂದು ಹೋಗೋದಿಲ್ಲ, ಪಕ್ಕಕ್ಕೆ ನೋಡಿ ನೋಡೋದು ರೂಢಿ ಮಾಡ್ಕೊಳ್ರಿ, ಮುಂದಿನ ಸಲ ಮನ್ಯಾಗಿನವರನ್ನ ಕರ್ಕೊಂಡು ಬರ್ರಿ, ಗಾಡಿ ಮಾತ್ರ ಇವತ್ತಿಂದ ಮುಟ್ಟಬ್ಯಾಡ್ರಿ ಅಂದಳು, ಸುತ್ತಲಿನದು ಹೋಗುವುದಿಲ್ಲವಂತೆ, ದೊಡ್ಡ ಸಮಾಧಾನ. ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ ಮಥುರಾ ಎರಡೂ ಕೈ ಜೋಡಿಸಿ ಒಡ್ಡಿ ನಿಂತಿದ್ದಳು, ಮಂತ್ರಾಕ್ಷತಿ ಕೊಡ್ರಿ ಅಂತ, ಮಂತ್ರಾಲಯಕ್ಕೆ ಹೋಗಿ ಬಂದವರು ಯಾರಾದರೂ ಬರಿಗೈಯಲ್ಲಿ ಬರುತ್ತಾರೆಯೇ, ಅವನಿಗೆ ಹೊಳೆದೇ ಇರಲಿಲ್ಲ, ಬಸ್ಸಿನ್ಯಾಗ ಎಲ್ಲೋ ಬಿತ್ತು ಅಂದ, ಬಿತ್ತು, ಅಂದಳು ಅವಳು, ಪ್ರಶ್ನೆಯಲ್ಲ, ಬರೀ ತಿರುಗಿ ಅಂದಳು, ಬಿತ್ತು, ಒಡ್ಡಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು, ಅವತ್ತಿನಿಂದ ಅವಳ ಮಾತು ಒಂದು ಕೂದಲೆಳೆ ತಗ್ಗಿದೆ. ಏನಂತ ತಿಳಿದಿದ್ದಾಳೋ, ಎಲ್ಲಿಗೆ ಹೋಗಿದ್ದರೆಂದು, ಈ ವಯಸ್ಸಿನಲ್ಲಿ ಏನಂತ ತಿಳಿಯಬಹುದು, ಏನಾದರೂ ತಿಳಿಯಬಹುದು, ಹೆಂಡತಿಯ ಮುಖ ನೋಡದ ಗಂಡಸು, ಸುಳ್ಳು ಹೇಳಿ ಊರಿಗೆ ಹೋಗುವ ಗಂಡಸು, ಅಷ್ಟನ್ನೇ ಇಟ್ಟುಕೊಂಡು ಒಬ್ಬಳು ಹೆಂಗಸು ಅಡುಗೆಮನೆಯಲ್ಲಿ ಕೂತು ಏನು ಬೇಕಾದರೂ ಹೆಣೆಯಬಹುದು.

ಹೆಂಗೈತ್ರಿ ಸಾರ್, ಬೆಳಕು ಜೋರೈತಲ್ಲ, ಅಂದ ಚಂದ್ರಮೋಹನ್. ಹೂಂ, ಜೋರದ, ಎಂದು ಕೃಷ್ಣಮೂರ್ತಿ ಪಂಚೆಯ ಎಡಕ್ಕೆ ತೂಗುಹಾಕಿದ್ದ ಕ್ಯಾಲೆಂಡರಿನ ಮೇಲೆ ಕಣ್ಣಿಟ್ಟ, ಇಟ್ಟು ತಡೆದು ನಿಂತ, ಅಲ್ಲಿ ಇಟ್ಟರೆ ಚಿತ್ರ ಮೆಲ್ಲಗೆ ಬಲಗಡೆಯಿಂದ ಮೂಡುತ್ತದೆ, ಕೆರೆಯ ತಳದಲ್ಲಿ ಬಿದ್ದ ತಂಬಿಗೆಯ ಹಾಗೆ, ಹಸಿರು, ಹಸಿರಿನಲ್ಲಿ ಗುಂಡಗೆ ಏನೋ, ಕಾಯಿಯೇ ಇರಬೇಕು, ಚೂಪಾಗಿದೆಯೋ ಮಬ್ಬಾಗಿದೆಯೋ ದೇವರೇ ಬಲ್ಲ, ಈ ಬದಿಗಣ್ಣಿಗೆ ಎಲ್ಲವೂ ಮಬ್ಬೇ. ಕೈಯನ್ನಾದರೂ ನಂಬೋಣ ಎಂದು ಯಂತ್ರದ ಹತ್ತಿರ ಸರಿದು, ಸ್ಲೈಡು ಕೂರುವ ಸಂದಿನ ಹತ್ತಿರ ಅಂಗೈ ಹಿಡಿದ, ಕಾವು, ಒಲೆಯ ಬಾಯಿಯ ಕಾವು, ಇಷ್ಟು ಬರಬಾರದು, ಲ್ಯಾಂಪಿಗೂ ಸ್ಲೈಡಿಗೂ ನಡುವೆ ಬಿಸಿ ತಡೆಯುವ ದಪ್ಪ ಗಾಜು ಒಂದು ಇರುತ್ತದೆ, ಯಾರೋ ತೆಗೆದಿದ್ದಾರೆ ಇಲ್ಲವೇ ಒಡೆದಿದೆ, ಅದಕ್ಕೇ ಬೆಳಕು ಜೋರು, ಹತ್ತು ಸ್ಲೈಡು ತೋರಿಸುವಷ್ಟರಲ್ಲಿ ಒಂದು ಸುಡುತ್ತದೆ, ಮೊದಲು ಚುಕ್ಕೆ, ಆಮೇಲೆ ಗುಳ್ಳೆ. ಗೊತ್ತಾದದ್ದಕ್ಕೆ ಮೈಯೆಲ್ಲ ಹುರುಪಾಯಿತು, ಕೈಗೆ ಇನ್ನೂ ಕಣ್ಣಿದೆ, ಹೇಳಿಬಿಡಬೇಕು ಅಂತ ಬಾಯಿ ತೆರೆದ, ಅಷ್ಟರಲ್ಲಿ ಚಂದ್ರಮೋಹನ್ ನಗುತ್ತ, ಸಾರ್, ಚಿತ್ರ ಈ ಕಡೆ ಐತಿ, ನೀವು ಕ್ಯಾಲೆಂಡರ್‌ನಾಗ ಅಮಾವಾಸಿ ಹುಡುಕಾಕತ್ತೀರಲ್ಲ ಅಂದ. ಅವರು ಹಂಗಪ್ಪ, ಅಂದಳು ಮಥುರಾ ಸ್ಟೂಲಿನಿಂದ, ಮನಿಯೊಳಗೂ ಹಂಗ, ಎದುರಿಗೆ ಇದ್ದದ್ದು ಬ್ಯಾಡ ಅವರಿಗೆ. ನಗುತ್ತಲೇ ಅಂದಳು, ಆ ನಗುವಿನ ಅಡಿಯಲ್ಲಿ ಏನಿತ್ತೆಂದು ಚಂದ್ರಮೋಹನನಿಗೆ ತಿಳಿಯುವುದಿಲ್ಲ, ತನಗೆ ತಿಳಿಯಿತು, ಕಾವಿನಿಂದ ಕೈ ತೆಗೆಯುವುದನ್ನೇ ಮರೆತ, ಹೇಳಬೇಕೆಂದಿದ್ದ ಮಾತು ಬಾಯಲ್ಲೇ ಉಳಿಯಿತು. ಇನ್ನು ಕ್ಯಾಲೆಂಡರನ್ನು ನೋಡುವಂತಿಲ್ಲ, ಹೊಸ್ತಿಲನ್ನು ನೋಡುವಂತಿಲ್ಲ, ಬಾಗಿಲನ್ನೂ ಇಲ್ಲ, ಇಬ್ಬರೂ ಈಗ ಪಂಚೆಯನ್ನು ಬಿಟ್ಟು ತನ್ನ ಕಣ್ಣನ್ನೇ ನೋಡುತ್ತಾರೆ, ಕೋಣೆ ಕತ್ತಲಾದದ್ದು ಒಳ್ಳೆಯದಾಯಿತು ಅಂದುಕೊಂಡರೆ ಕತ್ತಲೆಯೇ ಬಂದು ನಾಲ್ಕೂ ಕಡೆ ನಿಂತ ಹಾಗಿದೆ.

ಎರಡನೆಯದು ಚಿಕ್ಕದು, ತಟ್ಟೆಯಿಲ್ಲ, ಗುಂಡಿಯಿಲ್ಲ, ಒಂದು ಪಟ್ಟಿ, ಪಟ್ಟಿಯಲ್ಲಿ ಸ್ಲೈಡು ಇಟ್ಟು ಕೈಯಿಂದ ಈ ಕಡೆ ಆ ಕಡೆ ತಳ್ಳುವುದು, ಇಲಾಖೆಯಲ್ಲಿ ಇದ್ದದ್ದು ಇಂಥದ್ದೇ, ಕೈ ಹೋಗಿ ತಾನಾಗಿ ಅದರ ಹಿಡಿಯ ಮೇಲೆ ಕೂತಿತು, ಫ್ಯಾನಿನ ಸದ್ದು ಮೆತ್ತಗೆ, ಒಂದೇ ಸಮ, ಕಾವು ಬೆಚ್ಚಗೆ ಅಷ್ಟೇ, ಇದೇ ಆಗಬೇಕು, ನೋಡುವುದೇ ಬೇಡ, ಇದೇ ಕೊಡಪ್ಪ ಅಂದುಬಿಡೋಣ ಅಂದರೆ ಚಂದ್ರಮೋಹನ್ ಬಿಡುವವನಲ್ಲ, ಎರಡೂ ಭುಜ ಹಿಡಿದು ಸರಿಯಾಗಿ ಪಂಚೆಯ ಎದುರಿಗೆ ನಿಲ್ಲಿಸಿದ, ಇಲ್ಲೇ ನಿಂದ್ರಿ ಸಾರ್, ಫೋಕಸ್ ನಿಮ್ಮ ಕೈಯಾಗ ಕೊಡ್ತೀನಿ, ನೀವು ಅಂದ್ರ ಆ ಕಾಲದಾಗ ದಾರದ ಎಳಿ ಎಣಿಸಿ ಹೇಳ್ತಿದ್ರಂತ, ನಮ್ಮಪ್ಪ ಹೇಳ್ತಿದ್ದ. ಎಣಿಸುತ್ತಿದ್ದೆನಪ್ಪ, ಎಣಿಸುತ್ತಿದ್ದೆ, ಹತ್ತಿಯ ಎಳೆಯನ್ನು ಕಪ್ಪು ಬಟ್ಟೆಯ ಮೇಲೆ ಹರಡಿ ಉದ್ದ ಹೇಳುತ್ತಿದ್ದೆ, ಮಾರ್ಕೆಟ್ಟಿನ ದಲ್ಲಾಳಿಗಳು ಹದ್ದಿನ ಕಣ್ಣಿನ ಆಚಾರ್ರು ಬಂದ್ರು ಅಂತ ಸರಿದು ದಾರಿ ಬಿಡುತ್ತಿದ್ದರು. ಹೊರಗಿನಿಂದ ಯಾರೋ ತೆಲುಗಿನಲ್ಲಿ ಅನ್ನಾ ಪಾಸ್‌ಪೋರ್ಟ್ ಫೋಟೋಲು ಕಾವಾಲಿ ಅಂದರು, ಒಸ್ತುನ್ನಾ, ಉಂಡಂಡಿ ಒಕ ನಿಮಿಷಂ ಎಂದು ಅವರನ್ನು ಅಲ್ಲೇ ತಡೆದ ಚಂದ್ರಮೋಹನ್, ಬಳೆ ಸದ್ದಾಯಿತು, ಹತ್ತಿರವೇ ಆಯಿತು, ಪಟ್ಟಿ ಕಟಕ್ಕೆಂದು ಸರಿಯಿತು, ಪಂಚೆ ಬೆಳಗಿತು, ಅರಿಸಿನ ಬಣ್ಣದ ಬೆಳಕು, ಕೆಂಪು ಸ್ವಲ್ಪ, ನಡುವೆ ಬೂದು. ಯಾವ ಸ್ಲೈಡೋ, ಈ ಸಲ ಅವಳು ಹೇಳಲಿಲ್ಲ, ಇದು ಇಂಥದ್ದಲ್ಲೇನ್ರೀ ಅನ್ನಲಿಲ್ಲ, ಹೆಸರಿಟ್ಟ ದಿನದ್ದಿರಬಹುದು, ತೊಟ್ಟಿಲಿಗೆ ಹಳದಿ ಸೀರೆ ಕಟ್ಟಿದ್ದೆವು, ಇಲ್ಲವೇ ಸೂರ್ಯಕಾಂತಿಯ ಹೊಲ, ಕಣ್ಣು ನೇರ ಇಟ್ಟ, ಅಲುಗಾಡಿಸಲಿಲ್ಲ, ತೂತಿನೊಳಕ್ಕೇ ನೋಡಿದ, ಕೈ ಲೆನ್ಸಿನ ಬಳೆಯನ್ನು ತಿರುಗಿಸಿತು, ಮುಂದಕ್ಕೆ, ಹಿಂದಕ್ಕೆ, ಕಣ್ಣಿಲ್ಲದಿದ್ದರೆ ಕಿವಿ ಇದೆ, ಮಥುರಾಳ ಉಸಿರನ್ನು ಕೇಳುತ್ತ ತಿರುಗಿಸಿದ, ಮುಂದಕ್ಕೆ, ಇನ್ನೊಂದು ಕೂದಲಷ್ಟು ಮುಂದಕ್ಕೆ, ಆಗ ಅವಳ ಗಂಟಲಿನಿಂದ ಸಣ್ಣಗೆ ಹಾ ಎಂದು ಬಂತು, ಬಹಳ ದಿನದ ಮೇಲೆ ಯಾರನ್ನೋ ಕಂಡ ಹಾಗೆ, ಅಲ್ಲಿಗೇ ಕೈ ನಿಲ್ಲಿಸಿದ, ಬಂತು, ಗೆದ್ದೆ. ಹಾಂ, ಈಗ ಬಂತು ನೋಡಪ್ಪ, ಇದಕ್ಕಂತಾರ ಲೆನ್ಸು, ಅಂದ ಗಟ್ಟಿಯಾಗಿ, ಚಿಪ್ಪಗಿರಿಗೆ ಕೇಳುವಷ್ಟು ಗಟ್ಟಿಯಾಗಿ, ಅಂಚಿನಿಂದ ಅಂಚಿಗೆ ಎಷ್ಟು ನೆಟ್ಟಗದ ನೋಡು, ನಡುವನೂ ಸ್ವಚ್ಛ ಅದ.

ಚಂದ್ರಮೋಹನ್ ಒಮ್ಮೆ ಕೆಮ್ಮಿದ, ಸಾರ್, ಅಂದ, ಮೆಲ್ಲಗೆ, ದೊಡ್ಡವರ ಪಂಚೆ ಜಾರಿದ್ದನ್ನು ಹೇಳುವ ಹಾಗೆ, ಸಾರ್, ಅದು ತಲಿಕೆಳಗ ಐತಲ್ರಿ. ತಲೆಕೆಳಗು. ಅಯ್ಯೋ ಅದು, ಅದೇ, ನಂದವರಂ ಊರಿನದು, ಮಥುರಾಳ ತವರಿನ ದೇವರ ಮನೆ, ಮಾವನವರು ಪೀತಾಂಬರ ಉಟ್ಟು ಸಾಲಿಗ್ರಾಮದ ಸಂಪುಟದ ಮುಂದೆ ಕೂತಿರುವುದು, ತಾನೇ ಬೇಡಿಕೊಂಡು ಹೊಸ್ತಿಲಾಚೆಯಿಂದ ತೆಗೆದದ್ದು — ಸ್ಲೈಡನ್ನು ಯಂತ್ರಕ್ಕೆ ತಲೆ ಕೆಳಗೆ ಮಾಡಿ ಹಾಕಬೇಕು, ಹಾಗೆ ಹಾಕಿದರೆ ಗೋಡೆಯ ಮೇಲೆ ನೆಟ್ಟಗೆ ಬೀಳುತ್ತದೆ, ಮನುಷ್ಯರನ್ನು, ಹೊಲವನ್ನು, ಹುಳವನ್ನು ಹಾಗೇ ಹಾಕುವುದು, ಆಗ ಇಲಾಖೆಯ ಯಂತ್ರ ಮನೆಗೆ ತಂದಾಗ ಅದೊಂದನ್ನು ಮಾತ್ರ ಮಥುರಾ ಹಾಗೆ ಹಾಕಗೊಡಲಿಲ್ಲ, ದೇವರಿದ್ದಾರ ಅದರೊಳಗ, ಸಾಲಿಗ್ರ್ಯಾಮ ಅವ, ದೇವರನ್ನ ತಲಿಕೆಳಗ ಮಾಡಿ ತುರುಕಬ್ಯಾಡ್ರಿ, ಅಂದು ಕೈಯಿಂದ ಕಸಿದು, ಕೈ ತೊಳೆದು ಬಂದು, ತಾನೇ ನೆಟ್ಟಗೆ ಇಟ್ಟಳು, ಗೋಡೆಯ ಮೇಲೆ ಮಾವನವರು ಜಂತೆಗೆ ಜೋತುಬಿದ್ದರು, ದೀಪದ ಕುಡಿ ಕೆಳಗೆ ಉರಿಯಿತು, ಅವನು ಎಷ್ಟು ಹೇಳಿದರೂ ಅವಳದೊಂದೇ, ಗ್ವಾಡಿ ಮ್ಯಾಲಿನದು ಬೆಳಕು, ಕೈಯಾಗಿರೋದು ದೇವರು. ಕೊನೆಗೆ ಮನೆಯವರೆಲ್ಲ ಚಾಪೆ ಹಾಕಿ ಗೋಡೆಯ ಕಡೆ ತಲೆ ಮಾಡಿ ಅಂಗಾತ ಮಲಗಿ, ಕಣ್ಣು ಮೇಲೆತ್ತಿ ನೋಡುವುದೇ ಪದ್ಧತಿಯಾಯಿತು, ಮಲಗಿ ನೋಡಿದರೆ ಮಾವನವರು ಸರಿಯಾಗಿ ಕೂರುತ್ತಿದ್ದರು, ವಿಷ್ಣುಪ್ರಿಯಾ ಅಜ್ಜ ಬಿದ್ದಾನ ಅಜ್ಜ ಎದ್ದಾನ ಅಂತ ಹೊರಳಿ ಹೊರಳಿ ನಗುತ್ತಿದ್ದಳು, ಮಥುರಾಳ ಜಡೆ ಅವನ ಕಿವಿಗೆ ತಾಗುತ್ತಿತ್ತು, ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು. ಹಾಗಾದರೆ ಈಗ ಸ್ಲೈಡು ಇಟ್ಟದ್ದು ಚಂದ್ರಮೋಹನನಲ್ಲ, ಅವಳು, ಬಳೆಯ ಸದ್ದು ಅದಕ್ಕೇ ಅಷ್ಟು ಹತ್ತಿರ, ರೂಢಿಯಿಂದ ಇಟ್ಟಳೋ, ಇಟ್ಟು ನೋಡೋಣ ಅಂತ ಇಟ್ಟಳೋ, ಎರಡೂ ಒಂದೇ, ಕಣ್ಣಿದ್ದ ಯಾವ ಕೃಷ್ಣಮೂರ್ತಿಯೂ ಮಾವನವರು ಜೋತುಬಿದ್ದದ್ದನ್ನು ನೋಡಿ ನೆಟ್ಟಗಿದೆ ಅನ್ನುವುದಿಲ್ಲ, ನಗುತ್ತಾನೆ, ನಿಂದೇ ಕೆಲಸ ಇದು ಅನ್ನುತ್ತಾನೆ, ಹೆಂಡತಿಯನ್ನು ನೋಡುತ್ತಾನೆ.

ನಮ್ಮನಿಯೊಳಗ ಇದನ್ನ ಹಿಂಗ ನೋಡೋದಪ್ಪ, ಅಂದಳು ಮಥುರಾ, ದನಿ ಸ್ವಲ್ಪವೂ ಅಲುಗಲಿಲ್ಲ, ದೇವರದದು, ಅವರಿಗೆ ಹಿಂಗ ನೆಟ್ಟಗ ಇದ್ದಂಗ. ಹೌದೇನಮ್ಮಾ, ನಾ ಏನೋ ಅಂದ್ಕೊಂಡೆ, ಎಂದು ಚಂದ್ರಮೋಹನ್ ನಕ್ಕು, ಬಂದೆ ಬಂದೆ ಅನ್ನುತ್ತ ಪಾಸ್‌ಪೋರ್ಟ್ ಫೋಟೋದವರ ಕಡೆ ಹೋದ, ಬಾಗಿಲ ಪರದೆ ಬಿತ್ತು, ಕತ್ತಲೆ, ಫ್ಯಾನು, ಹಳದಿ. ಸುಳ್ಳು ಹೇಳಿದಳೋ ನಿಜ ಹೇಳಿದಳೋ, ಅವನು ಲೆನ್ಸಿನ ಬಳೆಯಿಂದ ಕೈ ತೆಗೆಯಲಿಲ್ಲ, ತೆಗೆದರೆ ಬೀಳುತ್ತೇನೆ ಅನ್ನಿಸಿತು, ಎಲ್ಲಿ ಓಡುವುದು, ಓಡಿದರೂ ಪರದೆ ಎಲ್ಲಿದೆ ಅಂತ ನೇರ ನೋಡಿದರೆ ಪರದೆಯೂ ಇರುವುದಿಲ್ಲ. ಯಾವಾಗಿಂದ, ಅಂದಳು. ಯುಗಾದಿಕಿಂತ ಮೊದಲ, ಅಂದ. ಎರಡೂನೂ? ಒಂದು ಪೂರ್ತಿ, ಇನ್ನೊಂದರದು ನಡುವಿಂದು. ನಾ ಬ್ಯಾರೆ ತಿಳ್ಕೊಂಡಿದ್ದೆ, ಅಂದಳು, ಏನು ಬೇರೆ ಅಂತ ಅವನು ಕೇಳಲಿಲ್ಲ, ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು, ನಗುತ್ತಿದ್ದಳೋ ಏನೋ, ಯಾರ್ಯಾರನ್ನ ಬೈದೀನ್ರೀ ಮನಸಿನ್ಯಾಗ, ಪಾಪ, ಆ ಹೊಚ್ಚಲನೂ ಬಿಟ್ಟಿಲ್ಲ, ಅಂದಳು. ನಾ ಎಲ್ಲಿ ನಿಂತ್ರ ಕಾಣ್ತೀನಿ? ನೀ ಎಲ್ಲಿ ನಿಂತ್ರೂ ಅಷ್ಟ ಮಥುರಾ, ನಾ ಬ್ಯಾರೆ ಕಡೆ ನೋಡಬೇಕು, ಅಂದ. ಹಂಗಾರ ನೋಡ್ರಿ ಬ್ಯಾರೆ ಕಡೆ, ಅಂದಳು. ಅವನು ಕ್ಯಾಲೆಂಡರಿನ ಕಡೆ ನೋಡಿದ, ಯಾರೂ ಬೈಯಲಿಲ್ಲ, ಬಲಗಡೆಯ ಅಂಚಿನಿಂದ ಮೂಗುಬಟ್ಟು ಬಂತು, ಕುಂಕುಮ ಬಂತು, ಹಳದಿ ಬೆಳಕು ಅರ್ಧ ಕೆನ್ನೆಯ ಮೇಲೆ, ಅವಳ ಹಿಂದೆ ಮಾವನವರು ಜೋತುಬಿದ್ದಿದ್ದಾರೆ, ಅವನಿಗೆ ಆ ಮೊದಲನೆಯದು ನೆನಪಾಯಿತು, ಆ ದೊಡ್ಡದು ಬ್ಯಾಡ, ಅದರಾಗ ಬಿಸಿ ತಡಿಯೋ ಗಾಜಿಲ್ಲ, ನಿಮ್ಮಪ್ಪನ್ನ ಸುಡ್ತದ, ಅಂದ, ಕೈಯಿಂದ ನೋಡೀನಿ, ಇದು ಖರೇ. ಆತು, ಅಂದಳು, ಸ್ಲೈಡನ್ನು ಎಳೆದು ಕಣ್ಣಿಗೊತ್ತಿ ಡಬ್ಬಿಗೆ ಹಾಕಿದಳು. ಪರದೆ ಸರಿದು ಚಂದ್ರಮೋಹನ್ ಬಂದ, ಏನಾತ್ರಿ, ಯಾವ್ದು? ಈ ಸಣ್ಣದನ್ನ ಕಟ್ಟಪ್ಪ, ಹಂಗ ಒಂದು ಆಟೋ ಕರಿ, ಅಂದಳು ಮಥುರಾ. ಆಟೋ ಯಾಕಮ್ಮಾ, ಸಾರ್ ಗಾಡಿ ತಂದಾರಲ್ಲ, ಕಾಲಾಗ ಇಟ್ಕೊಂಡು ಹೋಗಬೌದು. ಗಾಡಿ ಇಲ್ಲೇ ನಿಂತಿರಲಿ, ಸಂಜೀಕ ಸುಜಯೀಂದ್ರ ಬಂದು ಒಯ್ತಾನ, ಅಂದಳು.

ಅವನು ಏನೋ ಹೇಳಲು ಹೋದ, ಹೇಳುವ ಮೊದಲೇ ಅವಳ ಕೈ ಅವನ ಅಂಗಿಯ ಜೇಬಿಗೆ ಬಂತು, ಹೊರಗೆ ನಾಲ್ಕು ಜನರ ಎದುರು ಎಂದೂ ಅವನನ್ನು ಮುಟ್ಟದ ಕೈ, ಸ್ಕೂಟರಿನ ಬೀಗದಕೈ ತೆಗೆಯಿತು, ಸೆರಗಿನ ತುದಿಯಲ್ಲಿ ಇಟ್ಟು ಒಂದು ಸುತ್ತು, ಎರಡು ಸುತ್ತು, ಹಲ್ಲಿನಿಂದ ಎಳೆದು ಗಂಟು ಬಿಗಿಯಿತು, ಅವನು ಗಂಟನ್ನು ನೋಡಿದ, ಗಂಟಿಲ್ಲ, ಮೊದಲು ಒಂದು ಚುಕ್ಕೆ, ಆಮೇಲೆ ತೂತು, ಸುತ್ತ ಸೆರಗಿನ ಅಂಚು ಹಸಿರು, ಬಾಗಿಲ ಕಡೆ ನೋಡಿದ, ಗಂಟು ಇದೆ, ಬೀಗದಕೈಯ ಮೂತಿ ಒಳಗಿಂದ ಒತ್ತಿ ನಿಂತಿದೆ, ತಿರುಗಿ ಗಂಟನ್ನು ನೋಡಿದ, ತೂತು, ಬಾಗಿಲ ಕಡೆ, ಗಂಟು, ಗಂಟಿನ ಕಡೆ, ತೂತು, ಅಂಚು ಹಸಿರು —